ಒಂದೇ ಕ್ಲಾಸು, ಮೂರು ಹಾಳೆ: ಮಕ್ಕಳ ಮಟ್ಟಕ್ಕೆ ತಕ್ಕಂತೆ ಗಣಿತ ಕಲಿಸುವುದು ಹೇಗೆ?

ಜೂನಿನಲ್ಲಿ ಶಾಲೆ ತೆರೆದು ಹದಿನೈದು ದಿನ ಆಗಿರುವುದಿಲ್ಲ. ಕಳೆದ ವರ್ಷದ ಗ್ರೇಡ್ ಪಟ್ಟಿ ಹಿಡಿದು ಮಕ್ಕಳನ್ನು ಮೂರು ಸಾಲು ಮಾಡಿ ಕೂರಿಸಿಬಿಡುತ್ತಾರೆ. ಎ ಪ್ಲಸ್‌ನವರು ಮುಂದೆ, ಡಿಯವರು ಗೋಡೆ ಪಕ್ಕ. ಗಣಿತಕ್ಕೆ ಗೋಡೆ ಪಕ್ಕ ಕೂತವನು ಕನ್ನಡಕ್ಕೂ ಅಲ್ಲೇ, ಸಮಾಜಕ್ಕೂ ಅಲ್ಲೇ, ಮಾರ್ಚ್‌ವರೆಗೂ ಅಲ್ಲೇ. ಕೇರಳದ ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಗಣಿತ ಹೇಳಿಕೊಡುವ ನಾನೂ ಮೊದಲೆರಡು ವರ್ಷ ಹೀಗೇ ಮಾಡಿದವನು. ಮಟ್ಟ ಇರುವುದು ವಿಷಯಕ್ಕೆ, ಅದರಲ್ಲೂ ಪಾಠಕ್ಕೆ. ಮಗುವಿಗೆ ಅಲ್ಲ. ಇದು ತಲೆಗೆ ಹೋಗಲು ನನಗೆ ಸ್ವಲ್ಪ ಜಾಸ್ತಿಯೇ ಸಮಯ ಹಿಡಿಯಿತು. ಈಗ ಒಂದೇ ಪಾಠಕ್ಕೆ ಸುಲಭದಿಂದ ಕಷ್ಟದವರೆಗೆ ಮೂರು ಲೆಕ್ಕದ ಹಾಳೆ ಮಾಡುತ್ತೇನೆ.

1. ಮಟ್ಟ ಗೊತ್ತುಮಾಡುವುದು

ಕೆಲಸ ಕೆಡುವುದೇ ಇಲ್ಲಿ. ಹಳೆಯ ಗ್ರೇಡ್ ಪಟ್ಟಿಯನ್ನು ಕಪಾಟಿನಲ್ಲಿಡಿ. ಒಂದೇ ಹಾಳೆಯ ಸಣ್ಣ ಪರೀಕ್ಷೆ ಸಾಕು, 40 ನಿಮಿಷದ್ದು. ಮೊದಲ ಭಾಗದಲ್ಲಿ ಭಿನ್ನರಾಶಿ, ಶೇಕಡಾ, ಋಣಸಂಖ್ಯೆ. ಎರಡನೆಯದರಲ್ಲಿ ಸಮೀಕರಣ. ಕೊನೆಯಲ್ಲಿ ಮಕ್ಕಳು ಯಾವತ್ತೂ ನೋಡಿರದ ಒಂದೇ ಒಂದು ಲೆಕ್ಕ. ಮಾರ್ಕು ಕೊಡಬೇಡಿ. ಕೊಟ್ಟರೆ ನಕಲು ಶುರುವಾಗುತ್ತದೆ.

ಹಾಳೆ ತಿದ್ದಿದ ಕೂಡಲೇ ಮಟ್ಟ ಬರೆಯಲು ಹೋಗಬೇಡಿ. ತಪ್ಪು ಮಾಡಿದ, ಖಾಲಿ ಬಿಟ್ಟ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಅದೇ ಲೆಕ್ಕವನ್ನು ಬಾಯಲ್ಲಿ ಕೇಳಿ. ಒಬ್ಬರಿಗೆ ಐದು ನಿಮಿಷ. ನಮ್ಮ ಮಕ್ಕಳಲ್ಲಿ ಒಬ್ಬನ ಮನೆಮಾತು ತುಳು, ಇನ್ನೊಬ್ಬಳದು ಮಲಯಾಳ, ಮತ್ತೊಬ್ಬನದು ಕೊಂಕಣಿ, ಬ್ಯಾರಿ ಅಥವಾ ಹವಿಗನ್ನಡ. ಪುಸ್ತಕದ ಕನ್ನಡ ಎಲ್ಲರಿಗೂ ಒಂದೇ ದೂರದಲ್ಲಿಲ್ಲ.

'ಒಂದು ಸಂಖ್ಯೆಯ ಮೂರು ಪಟ್ಟಿನಿಂದ 5 ಕಳೆದರೆ 16. ಸಂಖ್ಯೆ ಯಾವುದು?' ಇದನ್ನು ಖಾಲಿ ಬಿಟ್ಟ ಒಬ್ಬ ಹುಡುಗನನ್ನು ಕರೆದೆ. 'ಪಟ್ಟು ಹಿಡಿಯುವುದು' ಅವನಿಗೆ ಗೊತ್ತು, ಲೆಕ್ಕದ 'ಪಟ್ಟು' ಗೊತ್ತಿಲ್ಲ. ಮಲಯಾಳದಲ್ಲಿ 'ಮಡಙ್ಙ್' ಅಂದೆ. ಪೆನ್ನು ಮುಟ್ಟದೆ 'ಏಳು' ಅಂದ. ಅವನಿಗೆ ಸುಲಭದ ಹಾಳೆ ಕೊಟ್ಟಿದ್ದರೆ ಅನ್ಯಾಯ ಅಲ್ವಾ?

ಇನ್ನೊಬ್ಬಳು ಮುಕ್ಕಾಲನ್ನು ಭಿನ್ನರಾಶಿಯಲ್ಲಿ ಬರೆಯಲು ತಡವರಿಸುತ್ತಿದ್ದಳು. ಅವರ ಮನೆಯಲ್ಲಿ ಮಲ್ಲಿಗೆ ಕೃಷಿ. 'ಅಟ್ಟೆಗೆ 600 ರೂಪಾಯಿ ಇದ್ದರೆ ಮೂರು ಚೆಂಡಿಗೆ ಎಷ್ಟು?' ಕೇಳಿದೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. '450, ಮಾಷ್ಟ್ರೇ.' ಅವಳಿಗೆ ಬೇಕಿದ್ದದ್ದು ಮುಕ್ಕಾಲನ್ನು ಗೆರೆಯ ಮೇಲೆ ಕೆಳಗೆ ಹೇಗೆ ಬರೆಯುವುದು ಎಂಬುದು ಮಾತ್ರ.

ಹಾಗಾಗಿ ಹೆಸರಿನ ಮುಂದೆ ಕಾರಣ ಬರೆಯಿರಿ: ಲೆಕ್ಕ ಬರಲಿಲ್ಲ, ಮಾತು ತಿಳಿಯಲಿಲ್ಲ, ಗಡಿಬಿಡಿ ಮಾಡಿದ. ಈ ಮೂರರಲ್ಲಿ ಮೊದಲನೆಯದಕ್ಕೆ ಮಾತ್ರ ಸುಲಭದ ಹಾಳೆ. ಎರಡನೆಯದಕ್ಕೆ ಪದಗಳ ಪಟ್ಟಿ. ಮೂರನೆಯದಕ್ಕೆ ಏನೂ ಬೇಡ, ಪಕ್ಕದಲ್ಲಿ ಕೂತು ಉತ್ತರ ಇನ್ನೊಮ್ಮೆ ನೋಡಲು ಹೇಳಿದರೆ ಆಯಿತು.

2. ಹಾಳೆ ತಯಾರಿಸುವುದು

ಪಾಠ ಎಲ್ಲರಿಗೂ ಒಟ್ಟಿಗೇ, 20 ನಿಮಿಷ. ಆಮೇಲೆ ಹಾಳೆ. ಮೂರೂ ಹಾಳೆಯಲ್ಲಿ ವಸ್ತು ಒಂದೇ ಇರಲಿ, ಪ್ರಶ್ನೆ ಬೇರೆ ಇರಲಿ. ಹತ್ತನೇ ಕ್ಲಾಸಿನ ಸಮಾಂತರ ಶ್ರೇಢಿಯನ್ನೇ (ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಸಾಲು) ತೆಗೆದುಕೊಳ್ಳಿ: 5, 8, 11, 14... ಒಂದನೇ ಹಾಳೆಯಲ್ಲಿ 'ಹತ್ತನೇ ಪದ ಯಾವುದು?' ಎಂದು ಕೇಳಿ (32). ಎರಡನೆಯದರಲ್ಲಿ '100 ಈ ಶ್ರೇಢಿಯಲ್ಲಿ ಬರುತ್ತದೆಯೇ?' (ಇಲ್ಲ, 100ರಿಂದ ಮೊದಲ ಪದ 5 ಕಳೆದು ಉಳಿದ 95ನ್ನು 3ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ). ಮೂರನೆಯದರಲ್ಲಿ 'ಇದರಲ್ಲಿ ಒಂದೂ ಪೂರ್ಣವರ್ಗ ಇಲ್ಲ, ಯಾಕೆ?' ಕೊನೆಯ ಹತ್ತು ನಿಮಿಷ ಮೂರನೆಯ ಪ್ರಶ್ನೆ ಬೋರ್ಡಿನ ಮೇಲೆ ಬರಲಿ. ಒಂದನೇ ಹಾಳೆಯವರೂ ಅದೇ ಶ್ರೇಢಿಯಲ್ಲಿ ಕೈ ಆಡಿಸಿರುತ್ತಾರೆ, ಹಾಗಾಗಿ ಮಾತು ಕಿವಿಗೆ ಬೀಳುತ್ತದೆ.

ಗುಲಾಬಿ, ತಾವರೆ, ಸಂಪಿಗೆ ಎಂದೆಲ್ಲ ಹೆಸರಿಡಬೇಡಿ. ದಡ್ಡರ ಹೂವು ಯಾವುದು ಎಂದು ಎರಡನೇ ದಿನಕ್ಕೆ ಮಕ್ಕಳಿಗೆ ಗೊತ್ತಾಗುತ್ತದೆ. ಸುಮ್ನೆ 1, 2, 3 ಎಂದು ಬರೆಯಿರಿ. ಒಂದು ನಿಯಮ ಮಾತ್ರ ಬಿಡಬೇಡಿ. ತನ್ನ ಹಾಳೆ ಮುಗಿಸಿದವರು ಮುಂದಿನ ಹಾಳೆಯ ಮೊದಲ ಲೆಕ್ಕಕ್ಕೆ ಕೈ ಹಾಕಲೇಬೇಕು.

ಅಂದಹಾಗೆ, ಹಾಳೆಯನ್ನು ಮೊಬೈಲ್‌ನಿಂದ ಇಳಿಸಿ ಯಂತ್ರದಲ್ಲಿ ಅನುವಾದ ಮಾಡುವ ಶಾರ್ಟ್‌ಕಟ್ ಬೇಡ. ಒಮ್ಮೆ ನನಗೆ ಸಿಕ್ಕಿದ್ದರಲ್ಲಿ 'ಕೆಳಗಿನ ಸಂಖ್ಯೆಗಳ ಅರ್ಥ ಕಂಡುಹಿಡಿಯಿರಿ' ಎಂದಿತ್ತು. ಅವರು ಹೇಳಹೊರಟದ್ದು ಸರಾಸರಿ, ಇಂಗ್ಲಿಷಿನ 'ಮೀನ್'. ಗಡಿಯಾಚೆಯಿಂದ ಬರುವ, ಪಾಸಾಗಲು ಬೇಕಾದಷ್ಟೇ ಕೊಡುವ ಪಾಸಿಂಗ್ ಪ್ಯಾಕೇಜ್ ಗೈಡುಗಳೂ ಅಷ್ಟೆ. ಅವು ಕರ್ನಾಟಕದ ಪಠ್ಯಕ್ಕೆ ಬರೆದವು. ನಮ್ಮದು ಕೇರಳ ಪಠ್ಯ. ಪಾಠದ ಕ್ರಮವೂ ಬೇರೆ, ಪ್ರಶ್ನೆ ಕೇಳುವ ರೀತಿಯೂ ಬೇರೆ. ದುಡ್ಡು ದಂಡ.

3. ಕೂರಿಸುವುದು

ಬೆರೆಸಿ ಕೂರಿಸಿ. ಮುಗಿಯಿತು.

4. ಮೇಲೆ ಕೆಳಗೆ ಬದಲಿಸುವುದು

ಪ್ರತಿ ಪಾಠದ ಮೊದಲ ದಿನ ಎಲ್ಲರೂ ಹೊಸಬರು. ಮೂರು ಸಣ್ಣ ಪ್ರಶ್ನೆ ಕೇಳಿ ಹಾಳೆ ಹಂಚಿ. ಬೀಜಗಣಿತದಲ್ಲಿ ತೆವಳುವ ಹುಡುಗ ವೃತ್ತದ ರಚನೆಯಲ್ಲಿ ಕೈವಾರ ಹಿಡಿದರೆ ಗೆರೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಓಣಂ ಹೊತ್ತಿನ ಮೊದಲ ಅವಧಿಯ ಪರೀಕ್ಷೆವರೆಗೆ ಕಾಯುತ್ತೇನೆ ಎಂದವರ ಕ್ಲಾಸಿನಲ್ಲಿ ಹಾಳೆ ಬದಲಾದದ್ದನ್ನು ನಾನು ನೋಡಿಲ್ಲ.

ನಮ್ಮ ಎಸ್ಸೆಸ್ಸೆಲ್ಸಿಗೆ ಗಣಿತದ ಪ್ರಶ್ನೆಪತ್ರಿಕೆ ಒಂದೇ ಮಟ್ಟದ್ದು. ಆದ್ದರಿಂದ ಒಂದನೇ ಹಾಳೆಯವರಿಗೆ ಪಾಠ ಬಿಟ್ಟುಬಿಡುವ ಹಾಗಿಲ್ಲ. ಡಿಸೆಂಬರಿನ ಕ್ರಿಸ್ಮಸ್ ಪರೀಕ್ಷೆ ಮುಗಿದ ಮೇಲೆ ಎಲ್ಲರಿಗೂ ಎರಡನೇ ಹಾಳೆಯೇ ಕೊಡಿ, ಬೇಕಾದವರಿಗೆ ಸುಳಿವು ಜಾಸ್ತಿ ಬರೆಯಿರಿ.

ಪರೀಕ್ಷೆಯಲ್ಲೇ ಮಟ್ಟ ಇಟ್ಟ ಕಡೆ ಲೆಕ್ಕಾಚಾರ ಬೇರೆ. ಇಂಗ್ಲೆಂಡಿನ ಜಿಸಿಎಸ್‌ಇ (ನಮ್ಮ ಹತ್ತನೇ ಕ್ಲಾಸಿನಂಥ ಪರೀಕ್ಷೆ) ಗಣಿತದಲ್ಲಿ ಸುಲಭದ ಫೌಂಡೇಶನ್, ಕಷ್ಟದ ಹೈಯರ್ ಎಂದು ಎರಡಿದೆ. ಫೌಂಡೇಶನ್ ಬರೆದವರಿಗೆ 9ರವರೆಗಿನ ಗ್ರೇಡಿನಲ್ಲಿ ಸಿಗುವುದು ಹೆಚ್ಚೆಂದರೆ 5. ಸಿಂಗಾಪುರದಲ್ಲಿ 2024ರಲ್ಲಿ ಹೈಸ್ಕೂಲು ಸೇರಿದ ಮಕ್ಕಳಿಂದ ಮಗುವನ್ನು ಎಲ್ಲ ವಿಷಯಕ್ಕೂ ಒಂದೇ ಮಟ್ಟದಲ್ಲಿ ಕೂರಿಸುವ ಹಳೆಯ ಸ್ಟ್ರೀಮು ಪದ್ಧತಿಯನ್ನೇ ತೆಗೆದರು. ಅಲ್ಲಿ ಈಗ ಒಬ್ಬಳೇ ಹುಡುಗಿ ಗಣಿತವನ್ನು ಎಲ್ಲಕ್ಕಿಂತ ಮೇಲಿನ ಜಿ3 ಮಟ್ಟದಲ್ಲಿ, ಇಂಗ್ಲಿಷನ್ನು ಅದರ ಕೆಳಗಿನ ಜಿ2ರಲ್ಲಿ ಓದಬಹುದು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಗಣಿತದಿಂದ ಶುರುಮಾಡಿ ಎರಡು ಮಟ್ಟ ಇಡಬಹುದು ಎನ್ನುತ್ತದೆ.

5. ಮನೆಯವರಿಗೆ ಹೇಳುವುದು

ಕ್ಲಾಸ್ ಪಿಟಿಎಯಲ್ಲಿ (ಹೆತ್ತವರ ಸಭೆಯಲ್ಲಿ) ಎಲ್ಲರೆದುರು ಹಾಳೆಯ ನಂಬರು ಓದಬೇಡಿ. ಒಬ್ಬರು ಅಪ್ಪ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ, 'ನನ್ನ ಮಗ ದಡ್ಡರ ಲೆಕ್ಕ ಮಾಡ್ತಾನಂತೆ, ಹೌದಾ ಮಾಷ್ಟ್ರೇ?' ಅಂದರು. ಮಗನ ನೋಟ್‌ಬುಕ್ ತರಿಸಿದೆ. ಜೂನಿನ ಪುಟದಲ್ಲಿ ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಎಂದು ಬರೆದಿದ್ದ. ಆಗಸ್ಟಿನ ಪುಟದಲ್ಲಿ ಆರನೇ ಐದು. ಅವರು ಎರಡೂ ಪುಟವನ್ನು ಮೂರು ಸಲ ತಿರುವಿ ನೋಡಿದರು.

ಮಕ್ಕಳನ್ನು ಸಿಬಿಎಸ್‌ಇ ಶಾಲೆಗೆ ಕಳಿಸುವವರಿಗೆ ಒಂದು ಮಾತು. ಆ ಬೋರ್ಡು 2020ರ ಹತ್ತನೇ ಪರೀಕ್ಷೆಯಿಂದ ಗಣಿತವನ್ನು ಬೇಸಿಕ್, ಸ್ಟ್ಯಾಂಡರ್ಡ್ ಎಂದು ಎರಡು ಮಾಡಿತು. ಸ್ಟ್ಯಾಂಡರ್ಡ್‌ಗೆ 041, ಬೇಸಿಕ್‌ಗೆ 241 ಎಂಬ ಕೋಡ್ ಕೊಟ್ಟಿತು. ಪಠ್ಯ ಒಂದೇ, ಪ್ರಶ್ನೆಪತ್ರಿಕೆಯ ಕಷ್ಟ ಮಾತ್ರ ಬೇರೆ. ಮಾರ್ಕು ಜಾಸ್ತಿ ಬರಲಿ ಎಂದು ಬೇಸಿಕ್ ಬರೆಸಿ, ಹನ್ನೊಂದನೇ ಕ್ಲಾಸು ಅಂದರೆ ಪ್ಲಸ್ ಒನ್‌ಗೆ ಗಣಿತ ಬೇಕೆಂದು ಓಡಾಡಿದವರನ್ನು ನೋಡಿದ್ದೇನೆ. ಮೂಲ ನಿಯಮದ ಪ್ರಕಾರ ಬೇಸಿಕ್‌ನವರಿಗೆ ಪ್ಲಸ್ ಒನ್‌ನ ಗಣಿತ ಇಲ್ಲ. ಕೆಲವು ವರ್ಷ ಸಡಿಲ ಮಾಡಿದ್ದುಂಟು. ಆ ಸಡಿಲವನ್ನು ನಂಬಿ ಕೂರಬೇಡಿ. ಪರೀಕ್ಷೆಗೆ ಹೆಸರು ಕಳಿಸುವ ಮೊದಲು ಆ ವರ್ಷದ ಸುತ್ತೋಲೆ ಕೇಳಿ ಓದಿ, ಕೋಡ್ ನೋಡಿ, ಆಮೇಲೆ ಸಹಿ ಹಾಕಿ.