‘ನೀರು ಬೆರೆಸಿದ್ದಾರೆ’ ಎನ್ನುವ ಮುಂಚೆ

ಹಳ್ಳಿ ಡೈರಿಯ ಅಧ್ಯಕ್ಷರಿಗೆ ಎದುರಾಗುವ ತೀರಾ ಸೂಕ್ಷ್ಮ ತೀರ್ಮಾನ ಇದು. ಒಬ್ಬ ಸದಸ್ಯರ ಹಾಲಿನ ಡಿಗ್ರಿ (ಹಾಲು ಎಷ್ಟು ಗಟ್ಟಿ ಎನ್ನುವ ಅಳತೆ) ಇಳಿದಿದೆ, ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದಾರೆ, ಪರೀಕ್ಷಕ ‘ಏನ್ ಮಾಡ್ಲಿ ಸಾರ್?’ ಅನ್ನುತ್ತಿದ್ದಾನೆ. ಆಗ ‘ನೀರು’ ಅಂದುಬಿಟ್ಟರೆ ಮುಗಿಯಿತು. ನಾಳೆ ಹಾಲು ಪರೀಕ್ಷೆಯ ಮಿಷನ್ನೇ ಕೆಟ್ಟಿತ್ತು ಅಂತ ಗೊತ್ತಾದರೂ ಊರು ಮರೆಯುವುದಿಲ್ಲ.

ಆ ಹೊತ್ತಿನಲ್ಲಿ ನಾನು ಹಾಲಿನ ವಿಚಾರ ಮಾತ್ರ ತೀರ್ಮಾನಿಸುತ್ತೇನೆ, ಮನುಷ್ಯರ ವಿಚಾರ ಅಲ್ಲ. ಹಾಲು ಬೇರೆ ಕ್ಯಾನಿಗೆ ಹೋಗುತ್ತದೆ. ಅದಕ್ಕೂ ಮುಂಚೆ ತಳದಿಂದ ಚೆನ್ನಾಗಿ ಕಲಕಿಸಿ ಎರಡು ಬಾಟಲಿ ಸ್ಯಾಂಪಲ್ ತೆಗೆಸಿ, ಸೀಲ್ ಹಾಕಿ, ಸದಸ್ಯರ ಸಹಿ ಪಡೆದು ಫ್ರಿಜ್ಜಿನಲ್ಲಿ ಇಡಿಸುತ್ತೇನೆ. ಸ್ಯಾಂಪಲ್ ಇಲ್ಲದೆ ಬರೀ ದಿನ ತಳ್ಳಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಆಮೇಲೆ ಮಿಷನ್ ತೊಳೆದು, ಅದೇ ಹಾಲನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪರೀಕ್ಷೆ. ಆಗ ತಾನೇ ಕರೆದ ಬಿಸಿ ಹಾಲಿನಲ್ಲಿ ಗಾಳಿಗುಳ್ಳೆ ಇರುತ್ತದೆ. ಡಿಗ್ರಿ ಅಳೆಯುವ ಲ್ಯಾಕ್ಟೋಮೀಟರ್ ಕಡಿಮೆ ತೋರಿಸುತ್ತದೆ, ಮಿಷನ್ ಕೂಡ ತಪ್ಪುತ್ತದೆ. ಹಿಂದಿನ, ಮುಂದಿನ ಸದಸ್ಯರ ರೀಡಿಂಗೂ ಇಳಿದಿದ್ದರೆ ದೋಷ ಮಿಷನ್ನಿನದೇ ಇರಬಹುದು.

ಅಂಕಿಗಳನ್ನು ಜೋಡಿಯಾಗಿ ಓದಬೇಕು. ಫ್ಯಾಟ್ (ಕೊಬ್ಬು) ಶೇಕಡಾ 4.0, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಶೇಕಡಾ 8.6 ಇರುವ ಹತ್ತು ಲೀಟರಿಗೆ ಒಂದು ಲೀಟರ್ ನೀರು ಸೇರಿದರೆ ಸುಮಾರು 3.6, 7.8 ಆಗುತ್ತದೆ, ಅಂದರೆ ಎರಡೂ ಒಟ್ಟಿಗೆ ಇಳಿಯುತ್ತವೆ. ಫ್ಯಾಟ್ ಮಾತ್ರ ಬಿದ್ದು ಎಸ್‌ಎನ್‌ಎಫ್ ನಿಂತಿದ್ದರೆ ನೀರಿನ ಮಾತೇ ಬೇಡ. ಕೊನೆಯ ಗಟ್ಟಿ ಹಾಲನ್ನು ಕರುವಿಗೆ ಬಿಟ್ಟಿರಬಹುದು, ಒಣಮೇವು ಕಡಿಮೆಯಾಗಿರಬಹುದು, ಕೆನೆ ತೆಗೆದೂ ಇರಬಹುದು. ಕೆಚ್ಚಲು ಬಾವು ಇದ್ದರೆ ಎಸ್‌ಎನ್‌ಎಫ್ ತಾನಾಗಿಯೇ ಇಳಿಯುತ್ತದೆ, ಬಿರುಬೇಸಿಗೆಯಲ್ಲೂ ಅಷ್ಟೇ. ಹಾಗಾಗಿ ಕೆಚ್ಚಲು ನೋಡದೆ ನೋಟಿಸ್ ಬರೆಸುವುದಿಲ್ಲ.

ಸಂಶಯ ಉಳಿದರೆ ಮಾರನೇ ದಿನ ಅದೇ ಹೊತ್ತಿಗೆ ಕೊಟ್ಟಿಗೆಯಲ್ಲೇ ಪರೀಕ್ಷೆ. ಬೆಳಗಿನ ಹಾಲಿಗೆ ಬೆಳಗಿನದನ್ನೇ ಹೋಲಿಸಬೇಕು. ಸಂಜೆ ಹಾಲಿನಲ್ಲಿ ಸಾಮಾನ್ಯವಾಗಿ ಫ್ಯಾಟ್ ಜಾಸ್ತಿ. ಕರು ಕಟ್ಟಿಹಾಕಿ, ಇಬ್ಬರು ನಿರ್ದೇಶಕರ ಎದುರಿಗೆ ಪೂರ್ತಿ ಕರೆಸಿ, ಎಲ್ಲ ಹಸುಗಳ ಹಾಲನ್ನೂ ಬೆರೆಸಿ ಸ್ಯಾಂಪಲ್ ತೆಗೆಯಬೇಕು. ಫ್ಯಾಟ್ ದಿನದಿನಕ್ಕೂ ಏರಿಳಿಯುತ್ತದೆ, ಎಸ್‌ಎನ್‌ಎಫ್ ಅಷ್ಟು ಆಡುವುದಿಲ್ಲ. ಡೈರಿಯ ಹಾಲಿಗೂ ಕೊಟ್ಟಿಗೆಯ ಹಾಲಿಗೂ ಹೋಲಿಸುವಾಗ ನಾನು ನಂಬುವುದು ಎಸ್‌ಎನ್‌ಎಫ್ ವ್ಯತ್ಯಾಸವನ್ನೇ.

ಅಲ್ಲಿಯವರೆಗೆ ವಿಷಯ ಅಧ್ಯಕ್ಷ, ಕಾರ್ಯದರ್ಶಿ, ಪರೀಕ್ಷಕ ಮೂವರಲ್ಲೇ ಇರಬೇಕು. ಇದೇ ಕಷ್ಟ, ಟೀ ಅಂಗಡಿ ಡೈರಿ ಪಕ್ಕದಲ್ಲೇ ಇರುತ್ತದಲ್ಲ! ಸದಸ್ಯರಿಗೆ ‘ರೀಡಿಂಗ್ ಸರಿ ಬಂದಿಲ್ಲ ಅಣ್ಣ, ನಾಳೆ ಇನ್ನೊಮ್ಮೆ ನೋಡೋಣ’ ಅಂತ ಪಕ್ಕಕ್ಕೆ ಕರೆದು ಹೇಳುತ್ತೇನೆ.

ಕಾಯಬಾರದ ಸಂದರ್ಭವೂ ಒಂದಿದೆ. ಹುಳಿ ವಾಸನೆ ಬಂದರೆ, ಕಾಯಿಸಿದಾಗ ಒಡೆದರೆ, ಆ ಹಾಲನ್ನು ಅಲ್ಲೇ ವಾಪಸ್ ಕೊಡಬೇಕು. ಒಬ್ಬರ ಹಾಲು ಕ್ಯಾನಿಗೆ ಬಿದ್ದರೆ ನಲವತ್ತು ಲೀಟರೂ ಹೋಯಿತು.