ಆಟ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಂಡಿರಿ

ಬೀದರಿನ ಚೌಬಾರಾ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಹಗಲೆಲ್ಲ ಲಗ್ನಪತ್ರಿಕೆ, ಅರ್ಜಿ ನಮೂನೆ. ಶಟರ್ ಎಳೆದ ಮೇಲೆ ಅದೇ ಕಂಪ್ಯೂಟರಿನಲ್ಲಿ ಆಟ ಕಟ್ಟುತ್ತೇನೆ. ಇದುವರೆಗೆ ಮುಗಿದದ್ದು ಮೂರು. ಅರ್ಧಕ್ಕೆ ಬಿಟ್ಟವನ್ನು ಎಣಿಸಿಲ್ಲ. ಮುಗಿದ ಮೂರೂ ಹತ್ತು ನಿಮಿಷದ ಆಟಗಳು. ಮೊದಲ ಸಲ ಅದಕ್ಕಿಂತ ದೊಡ್ಡದಕ್ಕೆ ಕೈ ಹಾಕಬೇಡಿ.

ಆಟ ಕಟ್ಟುವ ತಂತ್ರಾಂಶವಾಗಿ ಗೊಡೊ ಎಂಜಿನ್ ಸಾಕು, ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲಿ ಮಾತು ಬರೆಯುವುದಾದರೆ 2023ರಲ್ಲಿ ಬಂದ ನಾಲ್ಕನೆಯ ಆವೃತ್ತಿ ಅಥವಾ ಆಮೇಲಿನದ್ದನ್ನೇ ಇಳಿಸಿಕೊಳ್ಳಿ. ಮೂರನೆಯದರಲ್ಲಿ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲಿ ಸಾಲಾಗಿ ನಿಲ್ಲುತ್ತವೆ. ಯೂನಿಕೋಡ್ ಫಾಂಟನ್ನೂ ಪ್ರಾಜೆಕ್ಟಿನೊಳಗೇ ಇಡಬೇಕು. ನಾನು ಬಳಸುವುದು ನೋಟೊ ಸಾನ್ಸ್ ಕನ್ನಡ. ಇಡದಿದ್ದರೆ ನಿಮ್ಮ ಯಂತ್ರದಲ್ಲಿ ಚೆನ್ನಾಗಿಯೇ ಕಾಣುತ್ತದೆ, ಬ್ರೌಸರಿನಲ್ಲಿ ತೆರೆದವರಿಗೆ ಬರೀ ಚೌಕಗಳು. ಅಕ್ಷರ ಜೋಡಿಸಿಯೇ ಹೊಟ್ಟೆ ಹೊರೆಯುವ ನಾನೇ ಇದರಲ್ಲಿ ಬಿದ್ದೆ.

ಮೂರನೆಯ ಆಟ ಬೀದರ್ ಬಳಿಯ ನೌಬಾದಿನ ಕರೇಜಿನದು. ಬಹಮನಿ ಕಾಲದ ಆ ನೆಲದಡಿಯ ಕಾಲುವೆಯಲ್ಲಿ ಹುಡುಗನೊಬ್ಬ ದೀಪ ಹಿಡಿದು ನಡೆಯುತ್ತಾನೆ. ಮೇಲಿನ ಬಾವಿಯಂಥ ಕಿಂಡಿಗಳಿಂದ ಅಲ್ಲಲ್ಲಿ ಬೆಳಕು ಬೀಳುತ್ತದೆ. ಹುಮನಾಬಾದಿನಲ್ಲಿ ಆಟ ಮಾಡುವ ಗೆಳೆಯನಿಗೆ ಆಡಲು ಕೊಟ್ಟೆ. ಮೊದಲ ಗುಂಡಿಯಲ್ಲೇ ಏಳು ಸಲ ಬಿದ್ದ.

"ಜಿಗಿಯುವ ಕೀಲಿ ತಡವಾಗಿ ಒತ್ತುತ್ತಿದ್ದೀಯ" ಎಂದೆ.

"ಸರಿಯಾಗಿಯೇ ಒತ್ತಿದೆ" ಎಂದ.

ಇಬ್ಬರದೂ ನಿಜವೇ. ಕಾಲು ಅಂಚು ದಾಟಿದ ಮೇಲೂ ಕಣ್ಣು ಇನ್ನೂ ನೆಲದ ಮೇಲಿದ್ದೇನೆ ಎಂದುಕೊಂಡಿರುತ್ತದೆ. ನನ್ನ ಕೋಡ್ ನೆಲ ಬಿಟ್ಟ ಕ್ಷಣದಿಂದಲೇ ಜಿಗಿತವನ್ನು ನಿರಾಕರಿಸುತ್ತಿತ್ತು. ಅಂಚು ದಾಟಿದ ನಂತರವೂ 0.1 ಸೆಕೆಂಡ್ ಜಿಗಿಯಲು ಬಿಡುವಂತೆ ಮಾಡಿದೆ. ಗೊಡೊ ಮಾಮೂಲಾಗಿ ಸೆಕೆಂಡಿಗೆ 60 ಸಲ ಚಲನೆಯ ಲೆಕ್ಕ ಹಾಕುವುದರಿಂದ ಇದು ಆರು ಲೆಕ್ಕದಷ್ಟು ರಿಯಾಯಿತಿ. ಆಟ ಕಟ್ಟುವವರ ಲೋಕದಲ್ಲಿ ಇದಕ್ಕೆ ಕಯೋಟಿ ಟೈಮ್ ಎಂಬ ಹೆಸರಿದೆ. ಮುಂದಿನ ವಾರ ಅವನು ಎರಡನೆಯ ಯತ್ನಕ್ಕೇ ದಾಟಿದ, ಏನು ಬದಲಾಗಿದೆ ಎಂದು ಅವನಿಗೆ ಗೊತ್ತಾಗಲೇ ಇಲ್ಲ.

ಅಂದಿನಿಂದ ಯಾರಾದರೂ ನನ್ನ ಆಟ ಆಡುವಾಗ ನಾನು ಬಾಯಿ ಬಿಡುವುದಿಲ್ಲ. ಹಾಳೆ ಹಿಡಿದು ಕುಳಿತು, ಕೈ ಎಲ್ಲಿ ತಡೆಯಿತು, ಆಗ ಎಷ್ಟು ನಿಮಿಷವಾಗಿತ್ತು ಎಂದು ಬರೆದುಕೊಳ್ಳುತ್ತೇನೆ. ದೂರದವರಾದರೆ ಆಟ ಹಂಚುವ ಜಾಲತಾಣ ಇಚ್ ಡಾಟ್ ಐಒದಲ್ಲಿ ಪಾಸ್‌ವರ್ಡ್ ಹಾಕಿ ಏರಿಸಿ, ಕೊಂಡಿ ಕಳಿಸಿ, ಆಡಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಲು ಕೇಳುತ್ತೇನೆ. "ಹೇಗಿದೆ?" ಎಂದು ಮಾತ್ರ ಕೇಳಬೇಡಿ, "ಚೆನ್ನಾಗಿದೆ" ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. "ದೀಪ ಮಂದವಾದದ್ದು ಯಾವಾಗ ಗಮನಕ್ಕೆ ಬಂತು?" ಎಂಬಂಥದ್ದನ್ನು ಕೇಳಿ. ಮತ್ತೆ, ಆಟ ಕಟ್ಟುವ ಗೆಳೆಯರನ್ನು ನಿಮ್ಮದನ್ನು ಆಡಿ ನೋಡಲು ಕೇಳುವ ಮೊದಲು ನೀವು ಅವರ ಆಟ ಆಡಿರಬೇಕು. ಮುಯ್ಯಿ ಲೆಕ್ಕ ಇಲ್ಲಿಯೂ ಉಂಟು.

ನಿಮ್ಮ ಸರದಿ ಬಂದಾಗ ಮದ್ದು ಹೇಳಬೇಡಿ, ನೋವೆಲ್ಲಿ ಎಂದಷ್ಟೇ ಹೇಳಿ. ಕಲಬುರಗಿಯ ಗೆಳತಿಯೊಬ್ಬಳ ಆಟದಲ್ಲಿ ತೊಗರಿ ಹೊಲ ಕಾಯಬೇಕು. ನಾನು ಕಳಿಸಿದ್ದು ಇಷ್ಟೇ: "2 ನಿಮಿಷ 10 ಸೆಕೆಂಡ್. ಹಕ್ಕಿ ಬಂದದ್ದು ಕಾಣಲಿಲ್ಲ. ಹೂವೂ ಹಳದಿ, ಹಕ್ಕಿಯೂ ಹಳದಿ." ನಾನಾಗಿದ್ದರೆ ಹಕ್ಕಿಗೆ ಕಪ್ಪು ಬಳಿಯುತ್ತಿದ್ದೆ. ಅವಳು ಬಣ್ಣ ಮುಟ್ಟಲಿಲ್ಲ. ಹಕ್ಕಿ ಕೂತ ಗಿಡ ಅಲ್ಲಾಡುವಂತೆ ಮಾಡಿದಳು.