ಆಮೆ ಎಣಿಸುತ್ತಾ ಮಡಚಿದ ಮಂಡಿ

ಮಂಡಿ ಬದಲಿ ಶಸ್ತ್ರಚಿಕಿತ್ಸೆಯಾದ ಮರುದಿನವೇ "ಹಿಮ್ಮಡಿಯನ್ನು ಹಿಂದಕ್ಕೆ ಜಾರಿಸಿ" ಎಂದು ಹೇಳುವ ಫಿಸಿಯೋಥೆರಪಿಸ್ಟ್ ನಾನು. ವಾರ್ಡಿನಲ್ಲಿ ನನ್ನ ಹೆಜ್ಜೆ ಸಪ್ಪಳಕ್ಕೇ ಕೆಲವರು ಕಣ್ಣು ಮುಚ್ಚಿ ನಿದ್ದೆ ನಟಿಸುತ್ತಾರೆ.

ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೆಯೇ ಲೋಕ ತೋರಿಸುವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಬಂದಾಗ ಆಟದ ಸಾಮಾನೆಂದು ಮೂಗು ಮುರಿದಿದ್ದೆ. ಆದರೆ ಅಮೆರಿಕದ ಸಿಯಾಟಲ್‌ನಲ್ಲಿ ಮನೋವಿಜ್ಞಾನಿಗಳಾದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ 1990ರ ದಶಕದಲ್ಲೇ ಇದನ್ನು ಸುಟ್ಟಗಾಯದ ರೋಗಿಗಳ ಮೇಲೆ ಪ್ರಯೋಗಿಸಿದ್ದರು. ಆಮೇಲೆ ಅವರು ರೂಪಿಸಿದ ವಿಆರ್ ಆಟದಲ್ಲಿ, ಗಾಯಕ್ಕೆ ಚಿಕಿತ್ಸೆ ನಡೆಯುವಾಗ ರೋಗಿ ಹಿಮದ ಕಣಿವೆಯಲ್ಲಿ ಹಿಮದುಂಡೆ ಎಸೆಯುತ್ತಿರುತ್ತಾನೆ. ನೋಯುವುದಕ್ಕೂ ಗಮನ ಬೇಕು. ಅದು ಬೇರೆಡೆ ಖರ್ಚಾದರೆ ನೋವಿನ ಪಾಲಿಗೆ ಉಳಿಯುವುದು ಕಡಿಮೆ.

ಮೊದಲ ಸಲ ನಾನೇ ಎಡವಿದೆ. ರಂಜನೆಯಿರಲೆಂದು ಬೆಟ್ಟದ ಮೇಲೆ ಹಾರುವ ದೃಶ್ಯ ಹಾಕಿದೆ. ನೋವಿನ ಔಷಧಿ ಟ್ರಮಡಾಲ್‌ನಿಂದ ಮೊದಲೇ ಹೊಟ್ಟೆ ತೊಳಸುತ್ತಿದ್ದ ಹಿರಿಯರು ಎರಡೇ ನಿಮಿಷಕ್ಕೆ ವಾಂತಿ ಮಾಡಿಕೊಂಡರು. ಅಂದಿನಿಂದ ನೋಡುವವರು ಕುಳಿತಲ್ಲೇ ಇರುವ, ಸುತ್ತಲಿನದು ಮಾತ್ರ ಚಲಿಸುವ ದೃಶ್ಯಗಳನ್ನಷ್ಟೇ ಹಾಕುತ್ತೇನೆ. ಮೂರ್ಛೆ ರೋಗವಿದ್ದವರಿಗೆ ಹಾಕುವುದಿಲ್ಲ. ನಿಂತಾಗ, ನಡೆಯುವಾಗಲಂತೂ ಇಲ್ಲವೇ ಇಲ್ಲ.

ಆಮೇಲೆ ಬಂದವರು ನಿವೃತ್ತ ಗಣಿತ ಶಿಕ್ಷಕಿ. ಬೆಳಿಗ್ಗೆ ಮಂಡಿ ಮಡಚುವುದು 58 ಡಿಗ್ರಿಗೇ ನಿಂತಿತ್ತು. ತಡೆಯುತ್ತಿದ್ದುದು ಊತಕ್ಕಿಂತ ಭಯ. ನೋವಿನ ಗುಳಿಗೆ ಕೊಟ್ಟು ಮುಕ್ಕಾಲು ಗಂಟೆ ಬಿಟ್ಟು, ಸಮುದ್ರದಾಳದ ದೃಶ್ಯ ಹಾಕಿದೆ. ಬರೀ ನೋಡುತ್ತಿದ್ದರೆ ಮನಸ್ಸು ಮತ್ತೆ ಮಂಡಿಗೇ ಬರುತ್ತದೆ, ಕೆಲಸ ಕೊಡಬೇಕು.

"ಟೀಚರ್, ಆಮೆ ಎಷ್ಟಿವೆ, ಎಣಿಸಿ ಹೇಳಿ."

"ಮೂರು... ತಾಳಮ್ಮ, ಬಂಡೆಯ ಹಿಂದೊಂದಿದೆ, ನಾಲ್ಕು..."

ಹಿಮ್ಮಡಿ ಹಾಸಿಗೆಯ ಮೇಲೆ ಮೆಲ್ಲನೆ ಜಾರುತ್ತಿತ್ತು. ನಾನು ಎಳೆಯಲಿಲ್ಲ, ಪಾದದ ಕೆಳಗೆ ಕೈಯಿಟ್ಟಿದ್ದೆ ಅಷ್ಟೆ. ಕೋನ ಅಳೆಯುವ ಗೋನಿಯೋಮೀಟರ್ ಹಿಡಿದರೆ 74 ಡಿಗ್ರಿ. ಹೆಡ್‌ಸೆಟ್ ತೆಗೆದಾಗ ಅವರು ಮಂಡಿಯನ್ನು ನೋಡಲೇ ಇಲ್ಲ. "ಐದನೆಯದು ಬರುವಷ್ಟರಲ್ಲಿ ತೆಗೆದುಬಿಟ್ಟೆಯಲ್ಲ" ಎಂದು ಗದರಿದರು.

ಆದರೆ ಅದು ಹತ್ತು ನಿಮಿಷದ ಕಥೆ. ಆ ರಾತ್ರಿ ಎರಡು ಗಂಟೆಗೆ ನೋವು ಎಂದಿನಂತೆಯೇ ಬಂತು. ಆಗ ನೆರವಾದದ್ದು ಗುಳಿಗೆ ಮತ್ತು ಐಸ್ ಪ್ಯಾಕ್. ಹಾಗಾಗಿ ಹೆಡ್‌ಸೆಟ್ಟನ್ನು ಮಡಚುವ ವ್ಯಾಯಾಮಕ್ಕಷ್ಟೇ ಮೀಸಲಿಟ್ಟಿದ್ದೇನೆ.

ಬೆಳಿಗ್ಗೆ ಹೋದರೆ ಅವರ ಮಗ ಅಕ್ಕರೆಯಿಂದ ಮಂಡಿಯ ಕೆಳಗೇ ದಿಂಬು ಇಟ್ಟಿದ್ದಾರೆ! ಹಾಗೆಯೇ ಮಲಗಿ ರೂಢಿಯಾದರೆ ಕಾಲು ಪೂರ್ತಿ ನೇರವಾಗುವುದಿಲ್ಲ. ದಿಂಬನ್ನು ತೆಗೆದು ಹಿಮ್ಮಡಿಯ ಕೆಳಗಿಟ್ಟೆ. ಟೀಚರ್ ಹಲ್ಲು ಕಚ್ಚಿ ನನ್ನನ್ನು ದುರುಗುಟ್ಟಿ ನೋಡಿದರು.

"ಆಮೆ ಎಲ್ಲಿ?"